ಕಣ್ಣು ತೆರೆಸುವುದನ್ನು ಬಿಟ್ಟ ಕದಿರೇಶಾಚಾರಿ

ಶಿವಾರಪಟ್ಟಣದ ಕದಿರೇಶಾಚಾರಿ ವಿಗ್ರಹಕ್ಕೆ ಎಲ್ಲವನ್ನೂ ಮಾಡಿಕೊಡುತ್ತಾನೆ, ಕಣ್ಣೊಂದನ್ನು ಬಿಟ್ಟು. ಕಿರೀಟದ ಕುಸುರಿ, ಸೊಂಟದ ಡಾಬು, ಕಾಲ್ಬೆರಳಿನ ಉಗುರು, ಎಲ್ಲವೂ ಅವನದೇ ಕೈಚಳಕ. ಕಣ್ಣಿನ ಜಾಗಕ್ಕೆ ಬಂದಾಗ ಮಾತ್ರ ಉಳಿ ಕೆಳಗಿಟ್ಟು, "ಕಣ್ಣಿಗೆ ಬೇರೆಯವರನ್ನ ನೋಡ್ಕೊಳ್ರಪ್ಪ" ಎಂದು ಎದ್ದುಬಿಡುತ್ತಾನೆ. ಒಂದು ಕಾಲಕ್ಕೆ ಮಾಲೂರಿನಿಂದ ಮುಳಬಾಗಿಲವರೆಗೆ, ಅತ್ತ ಶ್ರೀನಿವಾಸಪುರದವರೆಗೆ, ವಿಗ್ರಹ ಯಾರ ಕೈಯದೇ ಆಗಿರಲಿ, ಕಣ್ಣು ತೆರೆಸಲು ಜನ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದದ್ದು ಇವನನ್ನೇ.

ಕಾರಣ ಕೇಳಿದರೆ ಊರು ತಡಮಾಡದೆ ಹೇಳುತ್ತದೆ. "ಮಕ್ಕಳಾಗ್ದಿರೋ ಹಂಗೆ ಗಂಡಸರ ಆಪರೇಷನ್ ಮಾಡಿಸ್ಕೊಂಡ ಕಣಪ್ಪ ಅವ್ನು. ಮೈ ಊನ ಮಾಡ್ಕೊಂಡು ಹೋಗಿ ಗಂಗಮ್ಮನ ಕಣ್ಣು ತೆರೆಸ್ದ. ಅಮ್ಮ ಸುಮ್ನೆ ಬಿಡ್ತಾಳಾ?" ಈ ಮಾತು ಹೇಳುವವರಿಗೂ ಹಿತ, ಕೇಳುವವರಿಗೂ ಹಿತ, ಅದರಲ್ಲೂ ಗಂಡಸರಿಗೆ. ತಮ್ಮ ಮೈಗೆ ಬರಬೇಕಾದ ಸೂಜಿ ಹೆಂಡತಿಯ ಮೈಗೇ ಹೋಗಲಿ ಅನ್ನುವುದಕ್ಕೆ ಇಷ್ಟು ಚೆಂದದ ದೇವರ ಕಾರಣ ಸಿಕ್ಕರೆ ಯಾರು ತಾನೇ ಬಿಟ್ಟಾರು? ನಡೆದದ್ದೇ ಬೇರೆ. ಅದು ಊರು ಹೇಳುವುದಕ್ಕಿಂತ ಕೆಟ್ಟದ್ದು.

ಮೊದಲು ಈ ಕಣ್ಣು ತೆರೆಸುವುದು ಎಂದರೇನೆಂದು ಹೇಳಬೇಕು. ಗುಡಿಯಲ್ಲಿ ಪೂಜೆಗೆ ಕೂರುವ ವಿಗ್ರಹಕ್ಕೆ ಅದನ್ನು ಕಡೆಯುವ ಶೆಡ್ಡಿನಲ್ಲಿ ಕಣ್ಣು ಬಿಡಿಸುವುದಿಲ್ಲ. ವಿಗ್ರಹ ಗುಡಿ ಸೇರಿದ ಮೇಲೆ, ಮುಹೂರ್ತ ನೋಡಿ, ತೆರೆ ಎಳೆದು, ಶಿಲ್ಪಿ ಸಣ್ಣ ಉಳಿಯಿಂದ ಕಣ್ಣಿನ ಗೆರೆ ಬಿಡಿಸುತ್ತಾನೆ. ಆಗ ಎದುರಿಗೆ ಯಾರೂ ನಿಲ್ಲುವಂತಿಲ್ಲ, ಶಿಲ್ಪಿ ಕೂಡ. ಅವನು ಪಕ್ಕಕ್ಕೆ ಕೂತು, ಎದುರಿಗೆ ಹಿಡಿದ ಕನ್ನಡಿಯೊಳಗೆ ನೋಡುತ್ತ ಕೆಲಸ ಮಾಡಬೇಕು. ಆಗತಾನೇ ತೆರೆದ ಕಣ್ಣಿನ ನೋಟವನ್ನು ಮನುಷ್ಯ ತಡೆಯಲಾರ. ಅದು ಮೊದಲು ಕನ್ನಡಿಯ ಮೇಲೆ ಬೀಳಬೇಕು, ಆಮೇಲೆ ಹಸು ಕರುವಿನ ಮೇಲೆ, ಆಮೇಲೆ ಧಾನ್ಯದ ರಾಶಿಯ ಮೇಲೆ. ನೋಟ ತಣಿದ ಮೇಲೆ ಜನರ ಸರದಿ.

ಇದನ್ನೆಲ್ಲ ಕದಿರೇಶನಿಗೆ ಕಿವಿ ಹಿಂಡಿ ಕಲಿಸಿದವನು ಅವನ ಅಪ್ಪ ಅಶ್ವತ್ಥಾಚಾರಿ. ಬೇರೆ ಮನೆಗಳಲ್ಲಿ ಸಡಿಲವಾಗಿದ್ದ ಕಟ್ಟುಪಾಡೂ ಆ ಮನೆಯಲ್ಲಿ ಸಡಿಲವಾಗಿರಲಿಲ್ಲ. ಗುಡಿಯ ವಿಗ್ರಹಕ್ಕೆ ಮೊದಲ ಉಳಿ ಬಿದ್ದ ದಿನದಿಂದ ಕಣ್ಣು ತೆರೆಸುವ ದಿನದವರೆಗೆ ಶಿಲ್ಪಿ ಶೆಡ್ಡಿನಲ್ಲೇ ಚಾಪೆ ಹಾಸಿ ಮಲಗಬೇಕು, ಒಂದು ಹೊತ್ತು ಉಣ್ಣಬೇಕು, ಹೆಂಡತಿಯ ಹತ್ತಿರ ಸುಳಿಯಬಾರದು. ಮೈ ಊನವಾದವನು ಕಲ್ಲು ಮುಟ್ಟಬಹುದು, ಕಣ್ಣು ಮುಟ್ಟಬಾರದು.

ಸುನಂದ ಈ ಮನೆಗೆ ಬಂದದ್ದು ಶ್ರೀನಿವಾಸಪುರದ ಕಡೆಯಿಂದ. ಚಿಕ್ಕವಳಿದ್ದಾಗ ಕೀಲುನೋವಿನ ಜ್ವರ ಬಂದು ಬಹಳ ದಿನ ಮಲಗಿದ್ದಳಂತೆ. ಎದ್ದು ಓಡಾಡತೊಡಗಿದ ಮೇಲೆ ವಾಸಿಯಾಯಿತೆಂದು ಎಲ್ಲರೂ ಮರೆತರು. ಜ್ವರ ಮರೆತಿರಲಿಲ್ಲ, ಹೋಗುವಾಗ ಅವಳ ಎದೆಯನ್ನು ಕೆಡಿಸಿಯೇ ಹೋಗಿತ್ತು. ಮದುವೆಯಾದ ಮೇಲೆ ಆ ಮನೆಯ ಹೆಂಗಸರ ಕೆಲಸ ಅವಳ ಪಾಲಿಗೆ ಬಂತು. ಕಡೆದ ವಿಗ್ರಹಕ್ಕೆ ನೀರು ಹಾಕುತ್ತ, ಉಜ್ಜುಗಲ್ಲಿನಿಂದ ತಿಕ್ಕಿ ತಿಕ್ಕಿ ನುಣುಪು ತರುವ ಕೆಲಸ. ಶೆಡ್ಡಿನ ಕಲ್ಲು ಕೊಯ್ಯುವ ಮಷೀನು ನಿಂತಾಗ ಅವಳು ಉಜ್ಜುವ ಸದ್ದು ಕೇಳುತ್ತಿತ್ತು, ಒಂದೇ ಸಮನೆ, ಬಿಡುವಿಲ್ಲದೆ. ಕಲ್ಲನ್ನು ಬಡಿದು, ಸದ್ದಿನಲ್ಲೇ ಒಳಗಿನ ಬಿರುಕು ಹೇಳಬಲ್ಲ ಕದಿರೇಶನಿಗೆ ಆ ಸದ್ದು ಕೇಳುತ್ತಿದ್ದರೆ ಸಮಾಧಾನ. ಹೆಂಡತಿಯೆಂದರೆ ಅವನಿಗೆ ಪ್ರಾಣ. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಮಾತ್ರ ಅವನದಲ್ಲ.

ಮೊದಲ ಮಗಳು ರಂಜಿತ ಹುಟ್ಟಿದಾಗ ಸುನಂದಳಿಗೆ ಉಸಿರು ಕಟ್ಟಿತು. ಬಾಣಂತಿಯ ನಿಶ್ಶಕ್ತಿ ಎಂದರು. ಎರಡನೆಯವಳು ಶ್ವೇತ ಹುಟ್ಟುವಾಗ ಕೋಲಾರದ ಆಸ್ಪತ್ರೆಯಲ್ಲಿ ಅವಳ ಬಾಯಿಂದ ಗುಲಾಬಿ ಬಣ್ಣದ ನೊರೆ ಬಂತು. ಹೇಗೋ ಉಳಿಸಿದರು. ಉಳಿಸಿದ ಡಾಕ್ಟರಮ್ಮ ಕದಿರೇಶನನ್ನು ಎದುರಿಗೆ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು.

"ನಿಮ್ಮ ಮನೆಯವರ ಹಾರ್ಟಿನಲ್ಲಿ ಒಂದು ವಾಲ್ವು ಕಿರಿದಾಗಿದೆ. ಬೆಂಗಳೂರಿಗೆ ಕರ್ಕೊಂಡು ಹೋಗಿ ಅದನ್ನ ಸರಿ ಮಾಡಿಸ್ಬೇಕು. ಅದಕ್ಕೆ ಮುಂಚೆ ಇನ್ನೊಂದು ಬಸಿರು ನಿಂತ್ರೆ ಇವರು ಉಳಿಯಲ್ಲ. ಅರ್ಥ ಆಯ್ತಾ? ಉಳಿಯಲ್ಲ."

"ಹಂಗಾದ್ರೆ ಇವಳಿಗೆ ಆಪರೇಷನ್ ಮಾಡ್ಬಿಡಿ ಮೇಡಂ," ಎಂದ ಕದಿರೇಶ.

"ಹೆಂಗಸರ ಆಪರೇಷನ್ ಹೊಟ್ಟೆ ಒಳಗಿನ ಕೆಲಸ. ಮತ್ತು ಬರಿಸೋ ಔಷಧಿ ಕೊಡ್ಬೇಕು, ಹೊಟ್ಟೆಗೆ ಗಾಳಿ ತುಂಬ್ಬೇಕು. ಈ ಹಾರ್ಟು ಇಟ್ಕೊಂಡು ಇವರು ಅದನ್ನ ತಡ್ಕೊಳ್ಳೋದು ಕಷ್ಟ. ಗಂಡಸರದು ಚರ್ಮದ ಕೆಳಗಿನ ಕೆಲಸ. ಆ ಜಾಗ ಮರಗಟ್ಟೋಕೆ ಒಂದು ಸೂಜಿ, ಒಂದು ಚಿಕ್ಕ ತೂತು, ಹೊಲಿಗೆ ಕೂಡ ಇಲ್ಲ. ಅವತ್ತೇ ನಡ್ಕೊಂಡು ಮನೆಗೆ ಹೋಗ್ಬಹುದು. ನೀವೇ ಮಾಡಿಸ್ಕೊಳ್ಳಿ."

ಕದಿರೇಶ ನೆಲ ನೋಡುತ್ತ, "ನೋಡೋಣ ಮೇಡಂ" ಎಂದ. ಗಂಡಸರ 'ನೋಡೋಣ' ಎಂಬುದಕ್ಕೆ ಏನರ್ಥವೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ಮಾತ್ರೆಯಲ್ಲೇ ಸುನಂದಳ ಉಸಿರಾಟ ಸುಧಾರಿಸಿತು. ಸುಧಾರಿಸಿದ್ದೇ ತಪ್ಪಾಯಿತು. ಬೆಂಗಳೂರು ಆ ಹಬ್ಬ ಕಳೆಯಲಿ, ಈ ಕೆಲಸ ಮುಗಿಯಲಿ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಆಪರೇಷನ್ನಿನ ಮಾತನ್ನು ಕದಿರೇಶ ಅಪ್ಪನ ಮುಂದೆ ಎತ್ತುವಂತೆಯೇ ಇರಲಿಲ್ಲ. ಎಮರ್ಜೆನ್ಸಿಯ ಕಾಲದಲ್ಲಿ, ಎಪ್ಪತ್ತಾರನೇ ಇಸವಿಯಲ್ಲಿ, ಗಂಡಸರನ್ನು ಆಪರೇಷನ್ನಿಗೆ ಹಿಡಿದೊಯ್ಯುವ ಜೀಪು ಬಂತೆಂದು ಸುದ್ದಿ ಹಬ್ಬಿದಾಗಲೆಲ್ಲ ಅಶ್ವತ್ಥಾಚಾರಿ ಕಲ್ಲಿನ ಗಣಿಯಲ್ಲಿ ಅವಿತುಕೊಂಡಿದ್ದವನು. ಈಗ ಜೀಪೂ ಇಲ್ಲ, ಒತ್ತಾಯವೂ ಇಲ್ಲ. ಆದರೂ ಮುದುಕ ಆ ಭಯವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.

ಹಾಗಾಗಿ ಕಷ್ಟವೆಲ್ಲ ಸುನಂದಳ ಮೈಗೇ ಬಂತು. ಊರಿನ ಆಶಾ ಕಾರ್ಯಕರ್ತೆ ಮುನಿಲಕ್ಷ್ಮಿ ಪಾಪ ತನಗೆ ತಿಳಿದ ದಾರಿಯನ್ನೆಲ್ಲ ತೋರಿಸಿದಳು. ಬಸಿರು ತಡೆಯಲು ದಿನಾ ನುಂಗುವ ಮಾತ್ರೆ ಬೇಡವೆಂದು ಡಾಕ್ಟರಮ್ಮನೇ ಹೇಳಿದ್ದರು, ಈ ಹಾರ್ಟಿಗೆ ಅದು ರಕ್ತ ಹೆಪ್ಪುಗಟ್ಟಿಸಿ ಅಪಾಯ ತರಬಹುದು. ಕಾಪರ್ ಟಿ ಹಾಕಿಸಿದರೆ ಮುಟ್ಟು ಮುಗಿಯುವುದೇ ಇಲ್ಲ, ಮೊದಲೇ ರಕ್ತ ಕಡಿಮೆಯಿದ್ದವಳು ಸುಣ್ಣದಷ್ಟು ಬಿಳಿಚಿಕೊಂಡಳು, ತೆಗೆಸಬೇಕಾಯಿತು. ಮೂರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಎದೆಗೇನೂ ತೊಂದರೆ ಮಾಡಲಿಲ್ಲ, ಆದರೆ ಹೊತ್ತಿಲ್ಲದ ಹೊತ್ತಿನಲ್ಲಿ ಒಂದೊಂದು ಹನಿ ಕಾಣಿಸುತ್ತಿತ್ತು. ಬೇರೆ ಮನೆಯಾಗಿದ್ದರೆ ಅದು ದೊಡ್ಡ ವಿಷಯವಲ್ಲ, ಕೆಲವು ತಿಂಗಳಲ್ಲಿ ಸರಿಹೋಗುತ್ತಿತ್ತು. ಈ ಮನೆಯಲ್ಲಿ ಮುಟ್ಟಾದ ಹೆಂಗಸು ಶೆಡ್ಡಿಗೆ ಕಾಲಿಡುವಂತಿಲ್ಲ, ವಿಗ್ರಹ ಮುಟ್ಟುವಂತಿಲ್ಲ. ಅತ್ತೆ ಅನಸೂಯಮ್ಮ ಕೆಟ್ಟವಳಲ್ಲ, ಆದರೆ ಬಾಯಿ ಸುಮ್ಮನಿರದು. "ಇದೇನೇ ನಿಂದು, ತಿಂಗಳೆಲ್ಲಾ ಹೊರಗೇ ಕೂತ್ರೆ ಕಲ್ಲು ಉಜ್ಜೋರ್ಯಾರು?" ಎಂದು ಎಲ್ಲರ ಮುಂದೆ ಅಂದಳು. ಸುನಂದ ಇಂಜೆಕ್ಷನ್ ಬಿಟ್ಟಳು.

ಉಳಿದದ್ದು ನಿರೋಧ್. ಅದೊಂದೇ ಗಂಡಸಿನ ಕೈಯಲ್ಲಿದ್ದದ್ದು, ಅದನ್ನೂ ಅವನು ಒಮ್ಮೆ ಮರೆತರೆ ಒಮ್ಮೆ ನಾಚಿಕೊಂಡ. ಒಂದು ಸಲ ಅದು ಹರಿಯಿತು. ಆ ತಿಂಗಳು ಸುನಂದಳ ಮುಟ್ಟು ತಡವಾಯಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಎಳೆಯ ರಂಜಿತಳನ್ನು ಕೂರಿಸಿಕೊಂಡು ತಂಗಿಗೆ ಜಡೆ ಹಾಕುವುದನ್ನು ಹೇಳಿಕೊಡತೊಡಗಿದಳು. ಕದಿರೇಶ ನೋಡಿ, "ಅದಕ್ಕೇ ಇನ್ನೂ ಹಲ್ಲು ಬಿದ್ದಿಲ್ಲ, ಅದಕ್ಯಾಕೆ ಈ ಕೆಲಸ?" ಎಂದು ನಕ್ಕ.

"ಅಭ್ಯಾಸ ಇರ್ಲಿ ರೀ," ಎಂದಳು ಸುನಂದ. "ನಾನಿಲ್ಲಾಂದ್ರೆ ಚಿಕ್ಕದಕ್ಕೆ ಯಾರು ಹಾಕ್ತಾರೆ?"

ಅವನ ನಗು ಅಲ್ಲೇ ಉಡುಗಿತು. ನಾಲ್ಕು ದಿನದ ಮೇಲೆ ಮುಟ್ಟು ಕಾಣಿಸಿಕೊಂಡಿತು. ಅಷ್ಟರಲ್ಲಿ ಕದಿರೇಶ ಬೆವತು ಹೋಗಿದ್ದ. ನಂಗಲಿಯ ಲತೀಫ್‌ಗೆ ಫೋನು ಮಾಡಿದ.

ಲತೀಫ್ ವಿಗ್ರಹ ಸಾಗಿಸುವ ಗಾಡಿಯವನು. ಇವರ ಮನೆಯ ಎಷ್ಟೋ ದೇವರು ಅವನ ಗಾಡಿಯಲ್ಲೇ ಗುಡಿ ಸೇರಿವೆ. ಮೂರು ಮಕ್ಕಳಾದ ಮೇಲೆ ತಾನೇ ಹೋಗಿ ಆಪರೇಷನ್ ಮಾಡಿಸಿಕೊಂಡು, ಅದನ್ನು ಯಾರಿಂದಲೂ ಮುಚ್ಚಿಡದೆ ತಿರುಗುತ್ತಿದ್ದ ಮನುಷ್ಯ. ಕದಿರೇಶ ಅಳುಕುತ್ತ ಕೇಳಿದ್ದಕ್ಕೆ ಅವನು ಗಾಡಿ ನಿಲ್ಲಿಸಿ ಮನಸಾರೆ ನಕ್ಕ.

"ಏನ್ ಆಚಾರಿ, ದಿನಾ ಬಂಡೆ ಸೀಳ್ತೀಯ, ಒಂದ್ ಸೂಜಿಗೆ ಹೆದರ್ತೀಯಲ್ಲೋ! ನನ್ನ ನೋಡು. ನಾಲ್ಕು ವರ್ಷ ಆಯ್ತು. ಲೋಡು ಎತ್ತೋದು ಬಿಟ್ಟಿದ್ದೀನಾ? ಮನೇಲಿ ದಿಲ್ಷಾದ್ ನನ್ನ ಬಿಟ್ಟು ಹೋಗಿದ್ದಾಳಾ? ಸೂಜಿಯಲ್ಲ ಕಷ್ಟ. ಆಮೇಲೆ ಮೂರು ತಿಂಗಳಿಗೆ ಒಂದು ಡಬ್ಬಿ ಕೊಡ್ತಾರೆ, ಪರೀಕ್ಷೆಗೆ. ಅದು ಕಷ್ಟ. ಖುದಾ ಕಸಂ, ನಾಚ್ಕೆಯಿಂದ ಸತ್ತೋದೆ."

ಮಾಘ ಮಾಸದಲ್ಲಿ, ಕಲ್ಲು ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಕದಿರೇಶ ಲತೀಫ್‌ನ ಗಾಡಿ ಹತ್ತಿ ಕೋಲಾರಕ್ಕೆ ಹೋದ. ಗೊತ್ತಿದ್ದವರು ಸುನಂದ, ಮುನಿಲಕ್ಷ್ಮಿ, ಲತೀಫ್ ಅಷ್ಟೇ. ಕೆಲಸ ಕಾಲು ಗಂಟೆಯೊಳಗೆ ಮುಗಿಯಿತು. ಎಷ್ಟು ಸುಲಭವಾಗಿ ಮುಗಿಯಿತೆಂದರೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು, ಈ ಚೂರು ಕೆಲಸಕ್ಕೆ ಅವಳನ್ನು ಇಷ್ಟು ದಿನ ನರಳಿಸಿದೆನಲ್ಲ ಎಂದು.

ಹೊರಡುವಾಗ ಡಾಕ್ಟರು ಹೇಳಿದರು: "ಬಾಗಿಲು ಹಾಕಿದ್ದೀವಿ, ಆದ್ರೆ ಬಾಗಿಲಿಂದ ಆಚೆಗೆ ಬಂದಿರೋ ಬೀಜ ಇನ್ನೂ ದಾರೀಲೇ ಇದೆ. ಅದು ಪೂರ್ತಿ ಹೊರಗೆ ಹೋಗೋವರೆಗೆ ನಿರೋಧ್ ಬಿಡ್ಬೇಡಿ. ಮೂರು ತಿಂಗಳು ಬಿಟ್ಟು ಬಂದು ಪರೀಕ್ಷೆ ಮಾಡಿಸ್ಕೊಳ್ಳಿ. ಇಲ್ಲ ಅಂತ ನಾವು ಹೇಳೋವರೆಗೆ ಇದೆ ಅಂತಾನೇ ಲೆಕ್ಕ." ಹೊರಗೆ ಬಂದ ಮೇಲೆ ಮುನಿಲಕ್ಷ್ಮಿ ಅದನ್ನೇ ಇನ್ನೊಮ್ಮೆ ಹೇಳಿದಳು. ಇಷ್ಟೆಲ್ಲದರಲ್ಲಿ ಕದಿರೇಶನ ತಲೆಯಲ್ಲಿ ಉಳಿದದ್ದು ಒಂದೇ ಮಾತು, ಮೂರು ತಿಂಗಳು.

ಆ ವಾರವೇ ನಂಗಲಿಯ ಆಚೆಯ ಒಂದು ಹಳ್ಳಿಯಿಂದ ಆಂಜಿನಪ್ಪ ಎಂಬ ಹಿರಿಯರು ಬಂದು ಗಂಗಮ್ಮನ ವಿಗ್ರಹ ಮಾಡಿಕೊಡಲು ಹೇಳಿದರು. ಹೊಸ ಗುಡಿ, ವೈಶಾಖದಲ್ಲಿ ಪ್ರತಿಷ್ಠೆ. ಅಶ್ವತ್ಥಾಚಾರಿ ಮಗನ ಕೈಗೆ ದಾರ ಕಟ್ಟಿ ವ್ರತ ಹಿಡಿಸಿದ. ಗಾಯ ಮಾಗುವ ಮುಂಚೆಯೇ ಕದಿರೇಶ ಶೆಡ್ಡಿನಲ್ಲಿ ಚಾಪೆ ಹಾಸಿದ.

ಮೈ ಊನವಾದವನು ಕಣ್ಣು ಮುಟ್ಟಬಾರದು ಎಂಬ ಮಾತು ಅವನನ್ನು ಕಾಡದೆ ಇರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಸಮಾಧಾನವೊಂದು ಸಿಕ್ಕಿತ್ತು. ಮಾಘದಿಂದ ವೈಶಾಖ, ಡಾಕ್ಟರು ಹೇಳಿದ ಮೂರು ತಿಂಗಳು ವ್ರತದಲ್ಲೇ ಕಳೆದುಹೋಗುತ್ತದೆ. ನಿರೋಧ್ ಬೇಡ, ಹರಿಯುವ ಭಯ ಬೇಡ. ಊಟ ತಂದ ಸುನಂದಳಿಗೆ ದೂರದಿಂದಲೇ ಹೇಳಿದ. "ನೋಡಿದ್ಯಾ, ಗಂಗಮ್ಮ ತಾಯಿ ತಾನೇ ಬಂದು ಮೂರು ತಿಂಗಳು ಕಾವಲು ಕೂತ್ಲು." ಸುನಂದ ಕೈ ಮುಗಿದಳು. ಅವಳೂ ನಂಬಿದಳು. ಗಡುವು ಹಾಕಿಕೊಂಡು ದೇವರಿಗೆ ನಡೆದುಕೊಳ್ಳುವ ಮನೆಯಲ್ಲಿ ಡಾಕ್ಟರ ಮೂರು ತಿಂಗಳೂ ಇಬ್ಬರಿಗೂ ಗಡುವಿನ ಮಾತಾಗಿಯೇ ಕೇಳಿಸಿತು.

ಪ್ರತಿಷ್ಠೆಯ ದಿನ ಗುಡಿಯ ತೆರೆಯೊಳಗೆ ಆಂಜಿನಪ್ಪನವರೇ ಕನ್ನಡಿ ಹಿಡಿದಿದ್ದರು. ಕದಿರೇಶ ಕೊನೆಯ ಗೆರೆ ಎಳೆಯುವಾಗ ಅವರ ಮುದಿ ಕೈ ಸೋತು ಕನ್ನಡಿ ಒಂದಿಷ್ಟು ವಾಲಿತು. ಗಂಗಮ್ಮನ ಕಣ್ಣು ಕನ್ನಡಿಯಿಂದ ಜಾರಿದ ಹಾಗಾಯಿತು. ಏನೂ ಒಡೆಯಲಿಲ್ಲ, ಯಾರೂ ಬೀಳಲಿಲ್ಲ. ಹಸು ಬಂತು, ಧಾನ್ಯ ಬಂತು, ಜನ ಉಘೇ ಎಂದರು. ಆಮೇಲೆ ಊರು ನೆನಪಿಟ್ಟುಕೊಂಡದ್ದು ಈ ಕನ್ನಡಿ ವಾಲಿದ್ದನ್ನೇ.

ಮುನಿಲಕ್ಷ್ಮಿ ಫೋನು ಮಾಡಿದಳು. "ಅಣ್ಣ, ಟೆಸ್ಟಿಗೆ ಯಾವಾಗ ಹೋಗ್ತೀರಾ? ನಾನೇ ಬರ್ತೀನಿ ಜೊತೆಗೆ."

"ಮೂರು ತಿಂಗಳು ಕಳೀತಲ್ಲಮ್ಮ. ಇನ್ನೇನ್ ಟೆಸ್ಟು?" ಎಂದ ಕದಿರೇಶ. ಮತ್ತೊಮ್ಮೆ ಮಾಡಿದಾಗ ಶೆಡ್ಡಿನಲ್ಲಿ ಅಪ್ಪ ಇದ್ದ, ಫೋನು ಎತ್ತಲೇ ಇಲ್ಲ. ಆ ಡಬ್ಬಿ, ಆ ನಾಚಿಕೆ, ಅಪ್ಪನಿಗೆ ಹೇಳಬೇಕಾದ ಇನ್ನೊಂದು ಸುಳ್ಳು, ಇಷ್ಟೇ ಅವನನ್ನು ತಡೆದದ್ದು. ಹೆಂಡತಿಯ ಜೀವದ ಮುಂದೆ ಇವು ಎಷ್ಟರವು? ಆದರೆ ಅವನು ಆಗ ತೂಗಿ ನೋಡಲಿಲ್ಲ. ವ್ರತ ಮುಗಿಸಿ ಮನೆಗೆ ಬಂದ, ಬಾಗಿಲು ಹಾಕಿಕೊಂಡ. ಇಬ್ಬರೂ ಭಯವಿಲ್ಲದೆ ನಗುತ್ತ ಮಲಗಿದ್ದು ಎಷ್ಟೋ ಕಾಲದ ಮೇಲೆ.

ಆಷಾಢ ಕಳೆಯುವ ಹೊತ್ತಿಗೆ ಶೆಡ್ಡಿನಲ್ಲಿ ಸದ್ದು ಬದಲಾಯಿತು. ಒಂದೇ ಸಮನೆ ಕೇಳುತ್ತಿದ್ದ ಉಜ್ಜುಗಲ್ಲಿನ ಸದ್ದು ನಡುನಡುವೆ ನಿಲ್ಲತೊಡಗಿತು. ಎರಡು ಸಲ ಉಜ್ಜಿ, ನಿಂತು, ಮತ್ತೆ ಎರಡು ಸಲ. ಕದಿರೇಶ ಉಳಿ ತಡೆದು ಕಿವಿಗೊಟ್ಟ.

"ಯಾಕೆ ನಿಲ್ಸ್ತೀಯ?"

"ಧೂಳು ರೀ. ಗಂಟಲು ಹಿಡ್ಕೊಂಡಿದೆ," ಎಂದಳು ಸುನಂದ.

ಮಲಗುವಾಗ ತಲೆಗೆ ಇನ್ನೊಂದು ದಿಂಬು ಸೇರಿತು. ನೀರಿನ ಬಿಂದಿಗೆಯನ್ನು ಅರ್ಧ ದಾರಿಯಲ್ಲಿ ಇಳಿಸಿ ನಿಲ್ಲುವುದು ಶುರುವಾಯಿತು. ಮಾತ್ರೆ ನುಂಗ್ತಿದ್ದೀಯಾ ಎಂದರೆ ಹೂಂ ಎನ್ನುತ್ತಿದ್ದಳು, ಬೆಂಗಳೂರಿಗೆ ಹೋಗೋಣ ಎಂದರೆ ಹಬ್ಬ ಆಗ್ಲಿ ಎನ್ನುತ್ತಿದ್ದಳು. ಅವನು ಕರೆದಾಗ ಕಣ್ಣು ಕೊಟ್ಟು ಮಾತಾಡುತ್ತಿರಲಿಲ್ಲ. ಕಲ್ಲಿನೊಳಗಿನ ಬಿರುಕು ಕೇಳುವ ಮನುಷ್ಯನಿಗೆ ಇದು ಕೇಳಿಸಲಿಲ್ಲವೇ? ಕೇಳಿಸಿತು. ಬಸಿರೆಂಬುದು ಮಾತ್ರ ಅವನ ಲೆಕ್ಕದಲ್ಲೇ ಇರಲಿಲ್ಲ. ಆ ಬಾಗಿಲು ಹಾಕಿಯಾಗಿದೆ ಎಂದು ಅವನು ನಿಶ್ಚಿಂತನಾಗಿದ್ದ.

ಶ್ರಾವಣದ ಒಂದು ಬೆಳಿಗ್ಗೆ ಅನಸೂಯಮ್ಮ ಕೈಯಲ್ಲಿ ಬೆಲ್ಲದ ಉಂಡೆ ಹಿಡಿದು ಶೆಡ್ಡಿಗೆ ಬಂದಳು. ಮುಖವೆಲ್ಲ ನಗು. ಸುನಂದ ಮೂಲೆಯಲ್ಲಿ ಒಂದು ನಂದಿಯನ್ನು ಉಜ್ಜುತ್ತಿದ್ದಳು.

"ಲೇ ಕದಿರಾ, ಬಾಯಿ ತೆಗಿ. ಇವಳು ಹೇಳ್ದೆ ಇದ್ರೆ ನಂಗೆ ತಿಳಿಯಲ್ವಾ? ಮೂರು ತಿಂಗಳಿಂದ ಹೊರಗೆ ಕೂತಿಲ್ಲ, ನಾನು ಎಣಿಸ್ತಾನೇ ಇದ್ದೀನಿ. ಈ ಸಲ ಮೊಮ್ಮಗಾನೇ ಕಣೋ! ಎಲ್ಲಾ ಗಂಗಮ್ಮನ ದಯ."

ಬೆಲ್ಲ ಅವನ ಬಾಯಿಗೆ ಬಿತ್ತು. ಕದಿರೇಶ ತಿರುಗಿ ಹೆಂಡತಿಯನ್ನು ನೋಡಿದ.

ಆ ನೋಟದ ಬಗ್ಗೆ ಸುಳ್ಳು ಹೇಳಬಾರದು. ಅವಳ ಜೀವಕ್ಕೆ ಬಂತಲ್ಲ ಎಂಬ ದಿಗಿಲು ಅದರಲ್ಲಿ ಮೊದಲು ಬರಲಿಲ್ಲ. ನನಗೆ ಆಪರೇಷನ್ ಆಗಿದೆ, ಹಾಗಾದರೆ ಇದು ಯಾರದು, ಎಂಬುದು ಮೊದಲು ಬಂತು. ಒಂದೇ ಕ್ಷಣ. ಮರುಕ್ಷಣಕ್ಕೆ ಅವನಿಗೇ ಹೇಸಿಗೆಯಾಗಿ, ದಿಗಿಲು ಬಂತು. ಆದರೆ ಮೊದಲನೆಯದನ್ನು ಸುನಂದ ನೋಡಿಬಿಟ್ಟಿದ್ದಳು. ಉಜ್ಜುಗಲ್ಲನ್ನು ಮೆಲ್ಲನೆ ನೀರಿನ ತೊಟ್ಟಿಯ ಅಂಚಿಗಿಟ್ಟು ಎದ್ದು ಹೊರಗೆ ಹೋದಳು.

ಅವನು ಹಿಂದೆಯೇ ಓಡಿದ. ಅವಳು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಳು.

"ಯಾಕೆ ಹೇಳ್ಲಿಲ್ಲ ಸುನಂದಾ? ಮೊದಲ ತಿಂಗಳೇ ಹೇಳಿದ್ರೆ ಕೋಲಾರಕ್ಕೆ ಹೋಗ್ತಿದ್ವಲ್ಲೇ!"

"ನೀವು ಹಿಂಗೆ ನೋಡ್ತೀರಾ ಅಂತಾನೇ," ಎಂದಳು. "ನಾನು ಏನೂ ತಪ್ಪು ಮಾಡಿಲ್ಲ ರೀ. ಹೆಂಗಾಯ್ತೋ ಗೊತ್ತಿಲ್ಲ. ಆಪರೇಷನ್ ಆದ ಮೇಲೂ ಆಯ್ತು ಅಂದ್ರೆ ನನ್ನ ಯಾರು ನಂಬ್ತಾರೆ?"

ಮುನಿಲಕ್ಷ್ಮಿ ಓಡಿ ಬಂದಳು. ವ್ರತದ ವಿಷಯ ಅವಳಿಗೆ ತಿಳಿದದ್ದೇ ಆಗ. ತಲೆ ಚಚ್ಚಿಕೊಂಡಳು. "ಅಯ್ಯೋ ಅಣ್ಣ, ದಾರೀಲಿರೋದು ಹೊರಗೆ ಹೋಗೋಕೆ ಮೂರು ತಿಂಗಳು ಕೊಟ್ಟಿದ್ದು. ನೀವು ವ್ರತ ಹಿಡಿದು ಕೂತ್ರೆ ಅದು ಹೋಗೋದ್ ಹೆಂಗೆ? ಅಲ್ಲೇ ಇತ್ತು. ಟೆಸ್ಟು ಮಾಡಿಸಿದ್ರೆ ಇನ್ನೂ ಇದೆ ಅಂತ ಅವತ್ತೇ ಗೊತ್ತಾಗ್ತಿತ್ತಲ್ಲಣ್ಣ!"

ಕೋಲಾರದಲ್ಲಿ ಅದೇ ಡಾಕ್ಟರಮ್ಮ ಸುನಂದಳನ್ನು ನೋಡಿ ತಕ್ಷಣ ಆಕ್ಸಿಜನ್ ಹಾಕಿಸಿದರು. ಶ್ವಾಸಕೋಶಕ್ಕೆ ನೀರು ಇಳಿದಿತ್ತು. ಮೊದಲಲ್ಲೇ ಬಂದಿದ್ದರೆ ಬಸಿರು ತೆಗೆಯಬಹುದಿತ್ತು, ಕಾನೂನೂ ಒಪ್ಪುತ್ತದೆ, ಮೈಯೂ ತಡೆಯುತ್ತಿತ್ತು. ಈಗ ಉಸಿರು ಒಂದು ಹದಕ್ಕೆ ಬರುವವರೆಗೆ ಏನನ್ನೂ ಮುಟ್ಟುವಂತಿಲ್ಲ. ಎರಡು ದಿನ ಕಾದರು. ಆ ಎರಡು ದಿನದಲ್ಲಿ ಕದಿರೇಶ ಯಾರೂ ಹೇಳದೆ ತಾನೇ ಹೋಗಿ ಡಬ್ಬಿ ತೆಗೆದುಕೊಂಡ. ಲತೀಫ್ ಹೇಳಿದ ನಾಚಿಕೆ ಎಲ್ಲಿ ಹೋಗಿತ್ತೋ, ಹುಡುಕಿದರೂ ಸಿಗುತ್ತಿರಲಿಲ್ಲ. ತನ್ನಲ್ಲಿ ಇನ್ನೂ ಬೀಜ ಇದೆ ಎಂದು ಪರೀಕ್ಷೆ ಹೇಳಿಬಿಟ್ಟರೆ, ಅದನ್ನು ತಂದು ಸುನಂದಳ ಮುಂದೆ ಇಡಬೇಕು, ತಪ್ಪೆಲ್ಲ ನನ್ನದು ಎನ್ನಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಪರೀಕ್ಷೆ ಬೇರೆ ಹೇಳಿತು. ಏನೂ ಇಲ್ಲ, ಪೂರ್ತಿ ಖಾಲಿ.

ಕದಿರೇಶನ ಮುಖ ನೋಡಿ ಡಾಕ್ಟರಮ್ಮ ಬಿಡಿಸಿ ಹೇಳಿದರು. "ಇದು ಇವತ್ತಿನ ಮಾತು. ವೈಶಾಖದಲ್ಲಿ ನೀವು ಮನೆಗೆ ಹೋದಾಗ ಇತ್ತು, ಬಸಿರು ಆಗಿರೋದು ಆಗಲೇ. ಈಚೆಗೆ ಖಾಲಿಯಾಗಿದೆ. ಅವತ್ತು ಇತ್ತು ಅಂತ ಇವತ್ತಿನ ಪರೀಕ್ಷೆ ತೋರಿಸೋಕಾಗಲ್ಲ. ನಿಮ್ಮ ಹೆಂಡತೀನ ನೀವು ನಂಬಬೇಕು, ಅಷ್ಟೇ."

ಅವಳನ್ನು ಕಾಯಬಹುದಾಗಿದ್ದ ಪರೀಕ್ಷೆಯನ್ನು ಹೊತ್ತು ಮೀರಿಸಿ ಮಾಡಿಸಿದ್ದಕ್ಕೆ, ಅದು ಅವಳ ಮೇಲೇ ತಿರುಗಿ ನಿಂತಿತ್ತು. ಆ ಮಧ್ಯಾಹ್ನ ಅವಳನ್ನು ಬೆಂಗಳೂರಿಗೆ ಸಾಗಿಸಲು ಆಂಬುಲೆನ್ಸ್ ಬಂತು. ಕದಿರೇಶ ಅವಳ ತಲೆಯ ಹತ್ತಿರ ಕೂತ. ಹಿಂದೆ ಲತೀಫ್‌ನ ಗಾಡಿ. ನರಸಾಪುರ ದಾಟಿದ ಮೇಲೆ ಸುನಂದ ಮುಖದ ಮಾಸ್ಕು ಸರಿಸಿದಳು.

"ಟೆಸ್ಟು ಮಾಡಿಸಿದ್ರಂತೆ. ಏನಂತೆ?"

"ಇನ್ನೂ ಇದೆಯಂತೆ ಕಣೇ," ಎಂದ ಕದಿರೇಶ. "ಬೇಕಾದಷ್ಟು ಇದೆಯಂತೆ. ನಂದೇ ತಪ್ಪು ಅಂತ ಬೈದ್ರು."

ಸುನಂದ ಅವನ ಮುಖವನ್ನೇ ನೋಡಿದಳು. ಮಾಸ್ಕನ್ನು ಅವನೇ ಮತ್ತೆ ಸರಿಯಾಗಿ ಇಟ್ಟ. ಅವಳು ನಂಬಿದಳೋ, ಅವನು ಸುಳ್ಳು ಹೇಳುತ್ತಿದ್ದಾನೆಂದು ತಿಳಿದು ಸುಮ್ಮನಾದಳೋ, ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹೊಸಕೋಟೆ ಬರುವುದಕ್ಕೆ ಮುಂಚೆ ಮತ್ತೆ ಆ ಗುಲಾಬಿ ನೊರೆ ಬಂತು. ಜೊತೆಗಿದ್ದ ನರ್ಸು ಮಾಡಬಹುದಾದ್ದನ್ನೆಲ್ಲ ಮಾಡಿ ಕೊನೆಗೆ ಕೈ ಚೆಲ್ಲಿದಳು. ತೆರೆದೇ ಇದ್ದ ಕಣ್ಣನ್ನು ಕದಿರೇಶ ಮುಚ್ಚಿದ.

ಹನ್ನೊಂದನೆಯ ದಿನ ಅವನು ಅಪ್ಪನಿಗೆ ಆಪರೇಷನ್ನಿನ ವಿಷಯ ಹೇಳಿದ. ಉಳಿದದ್ದನ್ನು ಹೇಳುವಷ್ಟರಲ್ಲಿ ಅಶ್ವತ್ಥಾಚಾರಿ ಗೋಳಾಡುತ್ತ ಬೀದಿಗೆ ಇಳಿದಿದ್ದ. ಊನದ ಕೈಲಿ ಕಣ್ಣು ತೆರೆಸ್ದ, ಕನ್ನಡಿ ವಾಲಿತು, ಅಮ್ಮ ಬಲಿ ತಗೊಂಡ್ಲು. ಊರಿಗೆ ಅಷ್ಟು ಸಾಕಾಯಿತು, ಬಸಿರಿನ ಸುದ್ದಿ ಮನೆಯಿಂದಾಚೆ ಹೋಗಿರಲಿಲ್ಲ. ಕದಿರೇಶ ತಿದ್ದಲು ಹೋಗಲಿಲ್ಲ. ತಿದ್ದಬೇಕಾದರೆ ಬಸಿರಿನ ಮಾತೂ, ಆ ನೋಟದ ಮಾತೂ ಬರಬೇಕು, ಸುನಂದಳ ಹೆಸರು ನಾಲ್ಕು ಜನರ ಬಾಯಿಗೆ ಬೀಳಬೇಕು. ಅವನು ಬಾಯಿ ಮುಚ್ಚಿಕೊಂಡ, ಕಣ್ಣು ತೆರೆಸುವುದನ್ನು ಬಿಟ್ಟ. ಬಿಟ್ಟದ್ದು ಊರಿನ ಮಾತಿಗೆ ಸಾಕ್ಷಿಯಾಯಿತು. ಅಲ್ಲಿಂದೀಚೆಗೆ ಶಿವಾರಪಟ್ಟಣದ ಒಬ್ಬ ಗಂಡಸೂ ಮುನಿಲಕ್ಷ್ಮಿಯ ಜೊತೆ ಕೋಲಾರಕ್ಕೆ ಹೋಗಿಲ್ಲ. ಹೆಂಗಸರು ಹೋಗುತ್ತಾರೆ, ಎದೆ ಗಟ್ಟಿಯಿದ್ದವರೂ, ಇಲ್ಲದವರೂ.

ಮೊನ್ನೆ ವಕ್ಕಲೇರಿಯ ಡೇರಿಯಲ್ಲಿ ಹಾಲು ಅಳೆಯುವ ಅನಿಲ್‌ಕುಮಾರ್ ಬೈಕಿನಲ್ಲಿ ಬಂದು ಶೆಡ್ಡಿನ ಮುಂದೆ ನಿಂತ. ಅವನ ಹೆಂಡತಿಗೆ ಎರಡನೇ ಹೆರಿಗೆಯಲ್ಲಿ ಬಿ.ಪಿ. ಏರಿ ಫಿಟ್ಸ್ ಬಂದಿತ್ತು. ನೀನೇ ಮಾಡಿಸಿಕೋ ಎಂದು ಡಾಕ್ಟರು ಅವನಿಗೆ ಹೇಳಿದ್ದಾರೆ. ಹುಡುಗ ಬಹಳ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ಕೇಳಿಯೇಬಿಟ್ಟ.

"ಅಣ್ಣ, ತಪ್ಪು ತಿಳ್ಕೋಬೇಡಿ. ನೀವು ಅದು ಮಾಡಿಸ್ಕೊಂಡಿದ್ದಕ್ಕೇ ಅಕ್ಕ ಹೋಗ್ಬಿಟ್ರು ಅಂತಾರೆ. ನಿಜಾನಾ?"

ಕದಿರೇಶ ಮಷೀನು ನಿಲ್ಲಿಸಿದ. ಮೂಲೆಯಲ್ಲಿ, ಈಗ ದೊಡ್ಡವಳಾದ ರಂಜಿತ ಒಂದು ಚಿಕ್ಕ ಗಣಪತಿಯನ್ನು ಉಜ್ಜುತ್ತಿದ್ದಳು. ಆ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಎಷ್ಟೋ ದಿನ ನುಂಗಿಕೊಂಡಿದ್ದ ಮಾತು ಅವನ ಬಾಯಿಂದ ಬಂತು.

"ಆಪರೇಷನ್ ಅವಳನ್ನ ಕೊಲ್ಲಲಿಲ್ಲ ಕಣಪ್ಪ. ಗಂಗಮ್ಮನೂ ಕೊಲ್ಲಲಿಲ್ಲ. ನಾನು ಟೆಸ್ಟಿಗೆ ಹೋಗ್ಲಿಲ್ಲ. ಬಸಿರಾದ್ಲು. ಆಮೇಲೆ ನಾನು ಅವಳನ್ನ ನೋಡ್ದೆ."

"ನೋಡ್ದೆ ಅಂದ್ರೆ?"

ಕದಿರೇಶ ಕಣ್ಣಿಲ್ಲದ ವಿಗ್ರಹಗಳ ಸಾಲಿನ ಕಡೆ ಮುಖ ತಿರುಗಿಸಿದ.

"ಕನ್ನಡಿ ಇಲ್ದೆ ನೋಡ್ದೆ," ಎಂದ.